ನಾಲ್ಕು ಗಂಟೆಯ ಮುಸ್ಸಂಜೆ

ಲಿಂಗಂಪಲ್ಲಿ, ಹೈದರಾಬಾದು
ಏಪ್ರಿಲ್ ೧೮, ಶುಕ್ರವಾರ

ಪ್ರೀತಿಯ ತಂಗಿ ಶಕ್ಕುಗೆ ಅಕ್ಕ ಸಾವಿತ್ರಿಯ ಆಶೀರ್ವಾದ.

ಕೈಯಲ್ಲಿ ಫೋನು ಇರುವಾಗ ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಇಲ್ಲಿ ನಾನು ಫೋನು ಹಿಡಿದರೆ ಮಗ, ಸೊಸೆ, ಮೊಮ್ಮಗಳು ಮೂವರ ಕಿವಿಯೂ ಈ ಕಡೆಗೇ ಇರುತ್ತದೆ. ಅಕ್ಷರ ಕುಂಬಳಕಾಯಿಯಷ್ಟು ದೊಡ್ಡದಾಗಿದೆ ಅಂತ ನಗಲೂಬೇಡ. ಪೆನ್ನು ದಪ್ಪದ್ದು.

ವಿಷಯ ಏನೆಂದರೆ, ನಮ್ಮ ಕಿಟಕಿಗಳಿಗೆ ಫಿಲ್ಮು ಬಂದಿದೆ. ಕಾರಿನ ಗಾಜಿಗೆ ಅಂಟಿಸುತ್ತಾರಲ್ಲ, ಅದೇ ಜಾತಿಯದು, ಅಷ್ಟು ಕಪ್ಪಲ್ಲ. ಕೆರೆಯ ಮುಂದೆ ಮನೆ ತಗೊಂಡಾಗ ಎಲ್ಲರಿಗೂ ನೀರು ನೋಡುತ್ತಾ ಚಹಾ ಕುಡಿಯುವ ಕನಸು. ಪಡುವಣದ ಬಿಸಿಲು ಒಮ್ಮೆ ಆಕಾಶದಿಂದ, ಇನ್ನೊಮ್ಮೆ ನೀರಿನಿಂದ ಪುಟಿದು, ಎರಡೆರಡು ಸಲ ಒಳಗೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು? ಎರಡು ಬೇಸಿಗೆಯಲ್ಲಿ ಸೊಸೆ ಸೌಂದರ್ಯಾಳ ಕೆಂಪು ಸೋಫಾ ಹಳೆಯ ಇಟ್ಟಿಗೆಯ ಬಣ್ಣಕ್ಕೆ ಬಂತು. ದೇವರ ಮಂಟಪದ ಸಾಗುವಾನಿ ಒಂದು ಮಗ್ಗುಲು ಬಿಳಿಚಿಕೊಂಡಿತು. ಗೋಡೆಯ ಮೇಲಿನ ನಮ್ಮವರ ಫೋಟೋದಲ್ಲಿ ರುಮಾಲು ಉಳಿದು ಮೀಸೆ ಮಾಸಿಹೋಯಿತು. ಮೀಸೆ ಹೋದ ಮೇಲೇ ನಾನು ಫಿಲ್ಮಿಗೆ ಒಪ್ಪಿದ್ದು.

ಅಂಟಿಸಲು ಬಂದವನು ಸತೀಶ ಅಂತ, ತೆಲುಗಿನವನು. ಬಿಸಿ ಕಾರುವ ಬಲ್ಬಿನ ಮುಂದೆ ಬರಿಗಾಜು ಇಟ್ಟು ಹಿಂದೆ ನನ್ನ ಅಂಗೈ ಹಿಡಿಸಿದ, ಚುರ್ ಅಂದಿತು. ಫಿಲ್ಮಿನ ಗಾಜು ಇಟ್ಟ, ಬಿಸಿ ಮಾಯ! ನನಗೋ ಕುತೂಹಲ ತಡೆಯಲಾಗಲಿಲ್ಲ. ಒಳಗೆ ಬಾರದ ಬಿಸಿಲು ಎಲ್ಲಿಗೆ ಹೋಗುತ್ತದಪ್ಪಾ ಅಂತ ನನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದೆ. ಸ್ವಲ್ಪ ವಾಪಸು ಹೋಗುತ್ತದೆ, ಸ್ವಲ್ಪ ಫಿಲ್ಮೇ ನುಂಗುತ್ತದೆ ಅಂದ. ನುಂಗಿದ್ದು ಅರಗುತ್ತದೋ ಅಂದೆ. ಅವನು ನಗುತ್ತಾ ಸಾಬೂನು ನೀರು ಚಿಮುಕಿಸಿ ಅಂಟಿಸುತ್ತಾ ಹೋದ. ಮನೆ ಕತ್ತಲಾದೀತೇ ಅಂತ ಕೇಳಿದ್ದಕ್ಕೆ, ಇದು ತಿಳಿ ಫಿಲ್ಮು, ಫರಕೇ ಗೊತ್ತಾಗುವುದಿಲ್ಲ ಅಂದ. ವ್ಯಾಪಾರದವರು ಹಾಗೆ ಹೇಳದೆ ಇನ್ನು ಹೇಗೆ ಹೇಳಿಯಾರು.

ಅಂಟಿಸಿದ ಮೇಲೆ ನಮ್ಮ ಮನೆಯಲ್ಲಿ ಹೊತ್ತು ಬೇಗ ಮುಳುಗತೊಡಗಿತು. ನಾನು ಗಡಿಯಾರ ನೋಡಿ ದೀಪ ಹಚ್ಚುವವಳಲ್ಲ, ನಿನಗೆ ಗೊತ್ತಲ್ಲ, ಪಡಸಾಲೆ ಮಬ್ಬಾದರೆ ಹಚ್ಚುತ್ತೇನೆ. ಒಂದು ದಿನ ದೀಪ ಹಚ್ಚಿ, ಊದಿನಕಡ್ಡಿ ಬೆಳಗಿ, ಹಾಡಿಕೊಳ್ಳುತ್ತಾ ಕೂತಿದ್ದೆ. ಶಾಲೆಯಿಂದ ಬಂದ ಪಿಂಕಿ, ಅಜ್ಜೀ ಈಗಿನ್ನೂ ನಾಕು ಹೊಡದೈತಿ ಅಂತ ಬಿದ್ದುಬಿದ್ದು ನಕ್ಕಳು. ಸೌಂದರ್ಯಾ ನಗಲಿಲ್ಲ. ಅತ್ತೀ, ಬಿಸಿಲು ಇಷ್ಟು ಹೊಡಿಯಾಕತ್ತೈತಿ, ನಿಮಗ ಕತ್ತಲಾದಂಗ ಯಾಕ ಕಾಣತೈತ್ರಿ ಅಂದಳು. ವಿಜಯಕುಮಾರನಂತೂ ಜೀಡಿಮೆಟ್ಲಾದ ಫ್ಯಾಕ್ಟರಿಯಿಂದ ಬಂದವನು ಬೂಟು ಬಿಚ್ಚುವ ಮೊದಲೇ ಅಪ್ಪಣೆ ಮಾಡಿದ. ಅವ್ವಾ, ಕಣ್ಣು ತೋರಿಸ್ಕೊಂಡು ಬರೂಣು, ಅಲ್ಲೀತನಕ ಒಬ್ಬಾಕೀನ ರೈಲಿಗೆ ಹೋಗೂದು ಬ್ಯಾಡ ಅಂತ.

ರೈಲು ಅಂದರೆ ನನ್ನ ಗುರುವಾರ. ಲಿಂಗಂಪಲ್ಲಿಯಲ್ಲಿ ಲೋಕಲ್ ಹತ್ತಿ, ಬೇಗಂಪೇಟೆಯಲ್ಲಿ ಇಳಿದು, ಗೆಳತಿ ವನಜಾಳ ಮನೆಗೆ ಹೋಗುತ್ತೇನಲ್ಲ. ನಮ್ಮ ಕಡೆಯ ಹೆಂಗಸರು ಏಳೆಂಟು ಮಂದಿ ಸೇರುತ್ತೇವೆ. ವಚನ, ಭಜನೆ, ಆಮೇಲೆ ಬಾಯಿ ನೋಯುವ ತನಕ ಕನ್ನಡ. ಮಿಕ್ಕ ದಿನವೆಲ್ಲ ನಾನು ಅವ್ವ, ಅತ್ತೆ, ಅಜ್ಜಿ. ಅಲ್ಲಿ ಮಾತ್ರ ಸಾವಿತ್ರಿ. ಕಣ್ಣು ಕೆಟ್ಟಿದೆ ಅಂತ ಆಯಿತೋ, ಬಿಡುವಾದಾಗ ಕಾರಿನಲ್ಲಿ ಬಿಡುತ್ತೇವೆ ಅನ್ನುತ್ತಾರೆ. ಈ ಮನೆಯಲ್ಲಿ ಯಾರಿಗಾದರೂ ಬಿಡುವಾದದ್ದನ್ನು ನಾನು ನೋಡಿಲ್ಲ. ಅದಕ್ಕೇ ತಪ್ಪು ಫಿಲ್ಮಿನದೇ ಆಗಬೇಕು ಅಂತ ನನ್ನ ಹಟ.

ತನಿಖೆ ಶುರು ಮಾಡಿದೆ. ಸತೀಶ ಬಿಟ್ಟುಹೋದ ಫಿಲ್ಮಿನ ತುಂಡನ್ನು ಅಡುಗೆಮನೆಯ ಕಿಟಕಿಗೆ ಹಿಡಿದು ಪೇಪರು ಓದಿದೆ, ತೆಗೆದು ಮತ್ತೆ ಓದಿದೆ. ಎರಡು ಸಲವೂ ಅಕ್ಷರ ಇರುವೆಗಳ ಹಾಗೆ ಹರಿದಾಡಿದವು. ಆ ಪೇಪರಿನ ಅಚ್ಚೇ ಸರಿಯಿಲ್ಲ. ಬಾಲ್ಕನಿಗೆ ಹೋಗಿ ನಿಂತೆ, ಅಲ್ಲೂ ಮಂಕು. ಆಚೆ ದಡದಲ್ಲಿ ಕಟ್ಟಡ ಕಟ್ಟುತ್ತಿದ್ದಾರೆ, ಧೂಳು ಇದ್ದೀತು. ವಿಜಯ ರೈಲು ಬೇಡ ಅನ್ನುವುದಕ್ಕೆ ಹಿಂದಿನ ಗುರುವಾರ ಬೇಗಂಪೇಟೆ ದಾಟಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದದ್ದೂ ನಿಜ. ಗಾಡಿ ತುಂಬ ಜನ, ಬೋರ್ಡು ಹೇಗೆ ಕಂಡೀತು? ಇದನ್ನು ಮನೆಯಲ್ಲಿ ಹೇಳಿಲ್ಲ.

ಕಡೆಗೆ ದಾರಿ ಹುಡುಕಿದವಳು ಸೌಂದರ್ಯಾಳೇ. ಒಂದು ಗಾಜಿಂದು ಫಿಲ್ಮು ತೆಗಿಸಿಬಿಡೂಣ್ರಿ ಅತ್ತಿ, ನೀವ ನೋಡಿ ಹೇಳ್ರಿ ಅಂದಳು. ಸೋಫಾ ಮಾಸಿತು ಅಂತ ಕಣ್ಣೀರು ಹಾಕಿದ್ದ ಹುಡುಗಿ ನನಗೋಸ್ಕರ ಬಿಸಿಲನ್ನು ಮತ್ತೆ ಒಳಗೆ ಬಿಟ್ಟುಕೊಂಡಳು. ನನಗೆ ಅವಳ ಮೇಲೆ ಭಾರಿ ಪ್ರೀತಿ ಬಂತು, ಹೇಳಿಕೊಳ್ಳಲು ನಾಚಿಕೆಯಾಗಿ ಚಹಾಕ್ಕೆ ಇನ್ನೊಂದು ಚಮಚೆ ಸಕ್ಕರೆ ಹಾಕಿಕೊಟ್ಟೆ. ನಿನ್ನೆ ಗುರುವಾರ, ಎಲ್ಲಿಗೂ ಹೋಗದೆ ಮನೆಯಲ್ಲೇ ಇದ್ದೆ. ಸತೀಶ ಬಂದು ಫಿಲ್ಮು ಕಿತ್ತ. ಅವನು ಹೋದ ಮೇಲೆ ಆ ಗಾಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ಸಂಜೆ ಸೌಂದರ್ಯಾ ಹೆಂಗಾತ್ರಿ ಅಂತ ಕೇಳಿದಳು. ಇನ್ನೂ ಎರಡು ದಿನ ನೋಡಬೇಕು ಅಂದೆ. ನಿನಗೂ ಸದ್ಯಕ್ಕೆ ಅಷ್ಟೇ.

ನೀನು ಬೀದರಿನಿಂದ ಅಲ್ಲಾಡಿ ಎಷ್ಟು ಕಾಲವಾಯಿತು? ಒಮ್ಮೆ ಬಂದು ಹೋಗು. ಕೆರೆಗೆ ಬೆಳ್ಳಕ್ಕಿಗಳು ಬಹಳ ಬಂದಿವೆಯಂತೆ.

ನಿನ್ನ ಅಕ್ಕ,
ಸಾವಿತ್ರಿಬಾಯಿ

ತಾ.ಕ.: ಲಕೋಟೆ ಅಂಟಿಸಲು ಹೋದೆ, ಮನಸ್ಸು ಬರಲಿಲ್ಲ. ಆ ಬರಿಗಾಜಿನ ಮುಂದೆ ಕೂತು ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಎಡಗಣ್ಣು ಮುಚ್ಚಿದರೆ ಕೆರೆ ಮಬ್ಬಾಗಿ ಕಾಣುತ್ತದೆ. ಬಲಗಣ್ಣು ಮುಚ್ಚಿದರೆ ಕೆರೆಯೇ ಇಲ್ಲ. ಫಿಲ್ಮಿನದು ಏನೂ ತಪ್ಪಿಲ್ಲ ಶಕ್ಕು. ನನಗೆ ಹೆದರಿಕೆಯಾಗಿದೆ. ಮನೆಯಲ್ಲಿ ಯಾರೂ ಇಲ್ಲದ ಐದೇ ನಿಮಿಷದಲ್ಲಿ ಫೋನು ಮಾಡಿ ವನಜಾಳಿಗೆ ಮಾತ್ರ ಹೇಳಿದ್ದೇನೆ, ಬೇಗಂಪೇಟೆಯ ಕಣ್ಣಿನ ಡಾಕ್ಟರ ಹತ್ತಿರ ಇದೇ ೨೯ಕ್ಕೆ ಹೆಸರು ಬರೆಸಿದ್ದಾಳೆ. ಮನೆಯಲ್ಲಿ, ಶಕ್ಕುವಿನ ಕಣ್ಣು ಮಂಜಾಗಿದೆ, ಪಾಪ, ತೋರಿಸಿಕೊಳ್ಳಲು ಬರುತ್ತಾಳೆ ಅಂತ ಹೇಳಿಬಿಟ್ಟಿದ್ದೇನೆ. ಸಿಟ್ಟಾಗಬೇಡ. ಇಬ್ಬರೂ ರೈಲಿನಲ್ಲೇ ಹೋಗೋಣ. ಹತ್ತುವಾಗ ಇಳಿಯುವಾಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೋ. ನೋಡಿದವರಿಗೆ ನಾನೇ ನಿನ್ನನ್ನು ನಡೆಸಿಕೊಂಡು ಹೋಗುತ್ತಿರುವ ಹಾಗೆ ಕಾಣಲಿ.