ಸೊಸೆ ಎಂಬ ಪದದ ಪ್ರೂಫ್

ಕಾಂದಿವಲಿ, ಮುಂಬೈ
ಶನಿವಾರ, 13 ಜುಲೈ 2024

ಮಗಳಂಥ ಸೊಸೆ ವೈಶಾಲಿಗೆ ನಿನ್ನ ಮಾವನ ಆಶೀರ್ವಾದ.

ವಿಜಯಪುರದಲ್ಲಿ ನಿನ್ನ ಅವ್ವನ ಕಾಲಿನ ಊತ ಇಳಿಯಿತೇ? ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನನ್ನ ಮೊಣಕಾಲು ಹಾಗೇ ಇದೆ. ನಾಲ್ಕು ಮಹಡಿ ಇಳಿಯುವುದು ವಾರಕ್ಕೊಮ್ಮೆ. ನಿನ್ನ ಮೊಬೈಲ್ ನಿನ್ನ ಗಂಡ ಶಶಿಕಾಂತನ ಕೈಯಲ್ಲೇ ಇರುವುದರಿಂದ ಈ ಪತ್ರ. ಅವನು ಎದುರಿಗೇ ಕೂತಿದ್ದಾನೆ, ಮುಗಿದ ಮೇಲೆ ಓದುತ್ತಾನೆ. "ಅಪ್ಪಾ, ನಿಮ್ಮ ಮಾತಂದ್ರ ಕೇಳ್ತಾಳ. ವಾಪಸ್ ಬಾ ಅಂತ ನಾಕ್ ಲೈನ್ ಬರೀರಿ, ಸಂಪಾದಕೀಯ ಬ್ಯಾಡ" ಎಂದಿದ್ದಾನೆ. ಮೂವತ್ತು ವರ್ಷ ಪತ್ರಿಕೆಯಲ್ಲಿ ಪ್ರೂಫ್ ನೋಡಿದವನಿಗೆ ನಾಲ್ಕು ಸಾಲು ಸಾಲದು.

ನೀನು ಅರ್ಧಕ್ಕೆ ಬಿಟ್ಟುಹೋದ ಸ್ಲಾವ್ ಭಾಷೆಗಳ ಪದಮೂಲ ಕೋಶದ ಪ್ರೂಫ್‌ಗಳನ್ನು ನಾನೇ ನೋಡುತ್ತಿದ್ದೇನೆ. ನಿನ್ನೆ ಬಂದದ್ದು *ಸ್ನುಖಾ, ಅಂದರೆ ಸೊಸೆ. ಪದದ ಮೊದಲಿಗಿರುವ ನಕ್ಷತ್ರದ ಗುರುತಿನ ಅರ್ಥ ನೀನೇ ಹೇಳಿಕೊಟ್ಟಿದ್ದೆ: ಆ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ರಷ್ಯನ್, ಸರ್ಬಿಯನ್ ಪದಗಳನ್ನು ಹೋಲಿಸಿ ವಿದ್ವಾಂಸರು ಊಹಿಸಿದ್ದು. ಸಂಸ್ಕೃತದ ಸ್ನುಷಾ, ನಮ್ಮ ನೆರೆಯವರ ಮರಾಠಿಯ ಸೂನ್ ಅದರ ಬಳಗವೇ. ಸ್ತ್ರೀಲಿಂಗ. ಇನ್ನೂ ಹಿಂದಿನ ಮೂಲಭಾಷೆಯಲ್ಲಿ ಅದರ ಕೊನೆ ಗಂಡುಪದದಂತಿತ್ತಂತೆ. ಹೆಣ್ಣಿನ ಪದ ಹೆಣ್ಣಿನಂತೆಯೇ ಇರಲೆಂದು ಆಮೇಲಿನವರು 'ಆ' ಹಚ್ಚಿದರು. ಹುಟ್ಟಿನ ಬಗ್ಗೆ ಜಗಳ ತೀರಿಲ್ಲ. 'ಮಗ' ಎಂಬ ಪದದಿಂದ ಬಂತೆಂದು ಕೆಲವರು, 'ಬಿಗಿದು ಕಟ್ಟು' ಎಂಬ ಧಾತುವಿನಿಂದ ಎಂದು ಕೆಲವರು. ಎರಡರ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ ಉಳಿಸಿದ್ದೇನೆ. ನಿನ್ನ ಅತ್ತೆ ನಾಗವ್ವ ಇದನ್ನೆಲ್ಲ ಕೇಳಿ, "ರಷ್ಯಾದಾಗೂ ಸೊಸೆ ಅದಾಳೇನು? ಚಹಾ ಮಾಡ್ತಾಳೋ, ಬರೇ ಓದ್ತಾಳೋ?" ಎಂದಳು.

ಇನ್ನು ಶಶಿಕಾಂತ ಹೇಳಿದ್ದು: ನೀನು ಈ ತಿಂಗಳೊಳಗೆ ಬರಬೇಕು. ಕೆಲಸ ಮನೆಯಲ್ಲೇ ಕೂತು ಮಾಡಬಹುದು. ಹೊರಗೆ ಹೋಗುವ ಅಗತ್ಯ ಬೀಳದಂತೆ ಅವನು ನೋಡಿಕೊಳ್ಳುತ್ತಾನೆ.

ನಿಮ್ಮ ಮನೆಯ ಹಿರಿಯರಿಗೆ ನನ್ನ ಶರಣು ತಿಳಿಸು. ಮೈ ಕಾಯ್ದುಕೊಂಡಿರು.

ನಿನ್ನ ಮಾವ,
ಮುರಿಗೆಪ್ಪ

ತಾ.ಕ.: ಅವನು ಓದಿ ಅಂಟಿಸಿಕೊಟ್ಟ ಲಕೋಟೆಯನ್ನು ಪೋಸ್ಟ್ ಆಫೀಸಿನ ಮೆಟ್ಟಿಲ ಮೇಲೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಬರಬೇಡ ಮಗಳೇ. ಏಪ್ರಿಲ್ 8ರಿಂದ 18ರವರೆಗೆ, ಹನ್ನೊಂದು ದಿನ, ಅವನು ನಿನ್ನನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿ ಆಫೀಸಿಗೆ ಹೋದಾಗ ಒಳಗೆ ನಾವಿಬ್ಬರು ಮುದುಕರೂ ಇದ್ದೆವು. ನೀನು ಬಾಗಿಲು ಬಡಿದೆ. ನೆರೆಯವರಿಗೆ ಕೇಳಿಸೀತೆಂದು ನಾನು ಟಿವಿಯ ದನಿ ಏರಿಸಿದೆ. ವಕೀಲರು ಸಾಕ್ಷಿ ಕೇಳಿದರೆ ಈ ಹಾಳೆ ಕೊಡು. ಕರೆದಲ್ಲಿಗೆ ಬಂದು ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ.

ಮುರಿಗೆಪ್ಪ ಬಸಲಿಂಗಪ್ಪ ಹಂಚಿನಾಳ