ಗೋಡೆಯ ಹಿಂದೆ ಕೂತವಳು

ಜೂನ್ ೧೨, ಗುರುವಾರ

ಪ್ರೀತಿಯ ಅವಸರಿ,

ಹೇಗಿದ್ದೀಯ? ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಮೂರು ಸಲ ಉತ್ತರ ಬರೆಯಲು ಕೂತೆ. ಮೂರು ಸಲವೂ ‘ನಾವೆಲ್ಲ ಕ್ಷೇಮ’ ಎಂಬಲ್ಲಿಗೆ ಪೆನ್ನು ನಿಂತುಹೋಯಿತು. ಬೈಯಬೇಕು ಅನ್ನಿಸಿದರೆ ಮನಸಾರೆ ಬೈದುಬಿಡು, ಆಮೇಲೆ ಮುಂದೆ ಓದು. ಕಂಪನಿ ಬಿಟ್ಟ ದಿನ ‘ಇನ್ಮೇಲೆ ಯಾವ ಕಂಪ್ಯೂಟರ್ ಪರದೆ ಸಹವಾಸಾನೂ ಬೇಡ, ಏನಿದ್ರೂ ಕಾಗದದಲ್ಲಿ ಬರಿ’ ಅಂದವಳು ನೀನು. ನಿನ್ನ ಮಾತಿನಿಂದಾಗಿ ಆರು ವರ್ಷಗಳಲ್ಲಿ ನನ್ನ ಕೈಬರಹ ಸುಧಾರಿಸಬೇಕಿತ್ತು. ಸುಧಾರಿಸಿಲ್ಲ, ನೋಡುತ್ತಿದ್ದೀಯಲ್ಲ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಮ್ಮವರಿಗೆ ಮಂಡಿ ನೋವು, ಮಗಳಿಗೆ ಮೂಗಿನ ತುದಿಯಲ್ಲಿ ಸಿಟ್ಟು, ಅತ್ತೆಯವರಿಗೆ ಹೊಸದೊಂದು ಶತ್ರು. ಆ ಶತ್ರುವಿನ ಕಥೆಯನ್ನೇ ಹೇಳಬೇಕು.

ನಮ್ಮ ಹುಡುಕಾಟದ ಕಥೆ ನಿನಗೆ ಗೊತ್ತೇ ಇದೆ. ನೀನು ಹೋದ ಮೇಲೆ ಅದು ಎದ್ದು ನಿಲ್ಲಲೇ ಇಲ್ಲ. ಇಂಟರ್ನೆಟ್ಟಿನಲ್ಲಿ ಜನ ಏನನ್ನು ಹುಡುಕಬೇಕಾದರೂ ದೊಡ್ಡವರ ಕಂಪನಿಗೇ ಹೋಗುತ್ತಾರೆ. ನಮ್ಮದನ್ನು ಬಳಸುವವರು ನಾವು, ನಮ್ಮ ನೆಂಟರು, ಮತ್ತೆ ಕೈತಪ್ಪಿ ಒತ್ತಿದವರು. ಎರಡು ವರ್ಷದ ಹಿಂದೆ ನಿರ್ದೇಶಕರು (ಅದೇ ನಮ್ಮ ‘ಗಡಿಯಾರ’, ಈಗಲೂ ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುತ್ತಾರೆ) ಎಲ್ಲರನ್ನೂ ಸೇರಿಸಿ, ‘ಕಂಪ್ಯೂಟರಿನಲ್ಲಿ ಸೋತಿದ್ದೀವಿ, ನಡುಮನೆಯಲ್ಲಿ ಗೆಲ್ಲೋಣ’ ಅಂದರು. ಹಾಗೆ ಹುಟ್ಟಿದ್ದು ನಮ್ಮ ಪೆಟ್ಟಿಗೆ. ಟಿವಿ ಪಕ್ಕದಲ್ಲಿ ಇಟ್ಟು ಬಾಯಲ್ಲಿ ಕೇಳಿದರೆ ಸಾಕು. ಸಿನಿಮಾ, ಹಾಡು, ಆಟ, ಮಕ್ಕಳ ಕಥೆ, ಎಲ್ಲಿದ್ದರೂ ಹುಡುಕಿ ತೆರೆಗೆ ತರಬೇಕು. ದೊಡ್ಡವರೂ ಇಂಥದ್ದೇ ಒಂದನ್ನು ಮಾಡುತ್ತಿದ್ದಾರೆ ಅಂತ ಸುದ್ದಿ ಬಂದದ್ದೇ ತಡ, ನಮ್ಮ ಕಚೇರಿಯಲ್ಲಿ ಎಲ್ಲರೂ ಕೂತು ಊಟ ಮಾಡುವುದನ್ನೇ ಬಿಟ್ಟರು.

ಪರೀಕ್ಷೆಗೆಂದು ಒಂದನ್ನು ಮನೆಗೂ ತಂದಿದ್ದೆ. ಅತ್ತೆ ಅದರ ಮುಂದೆ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡು, ‘ಒಂದು ಮಳೆ ಹಾಡು ಹಾಕಪ್ಪಾ’ ಅಂದರು. ಅದಕ್ಕೆ ಕೇಳಿಸಿದ್ದು ‘ಮೊಳೆ’. ಯಾರೋ ಮೀಸೆಯವನು ಗೋಡೆಗೆ ಮೊಳೆ ಹೊಡೆಯುವುದು ಹೇಗೆಂದು ಹದಿನೈದು ನಿಮಿಷ ತೋರಿಸಿದ. ಅತ್ತೆ ಪೂರ್ತಿ ನೋಡಿ, ‘ಹಾಡೋದು ಯಾವಾಗ ಇವನು?’ ಅಂತ ಕೇಳಿದರು. ಅಂದಿನಿಂದ ಅದಕ್ಕೆ ‘ಕಿವುಡ’ ಅಂತಲೇ ಹೆಸರು.

ನಕ್ಕದ್ದು ಸಾಕು. ಈಗ ನಿಜ ಹೇಳುತ್ತೇನೆ. ಪ್ರಯೋಗಾಲಯದಲ್ಲಿ ನಮ್ಮ ಪೆಟ್ಟಿಗೆ ನೂರಕ್ಕೆ ತೊಂಬತ್ತನಾಲ್ಕು ಸಲ ಸರಿಯಾಗಿ ಕೇಳಿಸಿಕೊಳ್ಳುತ್ತದೆ. ಮನೆಗಳಲ್ಲಿ ಬರೀ ಅರವತ್ತೊಂದು. ಮನೆಯಲ್ಲಿ ಮಿಕ್ಸಿ ತಿರುಗುತ್ತದೆ, ಮಕ್ಕಳು ಕಿರುಚುತ್ತವೆ, ಜನ ಅರ್ಧ ವಾಕ್ಯ ಹೇಳಿ ಯೋಚಿಸುತ್ತಾರೆ. ಯೋಚಿಸಲು ನಮ್ಮ ಪೆಟ್ಟಿಗೆ ಬಿಡುವುದಿಲ್ಲ. ಮಾತಿನ ನಡುವೆ ಅರ್ಧ ಸೆಕೆಂಡ್ ಸುಮ್ಮನಾದರೆ ಸಾಕು, ಮಾತು ಮುಗಿಯಿತು ಅಂದುಕೊಂಡು ಓಡುತ್ತದೆ. ಒಂದೂವರೆ ಸೆಕೆಂಡ್ ಕಾಯಲಿ ಅಂತ ನಾನು ಕೇಳಿಕೊಂಡೆ. ‘ದೊಡ್ಡವರದು ಕಣ್ಣು ಮಿಟುಕಿಸೋದ್ರಲ್ಲಿ ಉತ್ತರ ಕೊಡುತ್ತಂತೆ. ನಾವು ಕಾಯ್ತಾ ಕೂತ್ರೆ ಮುಗಿದ ಹಾಗೇನೆ’ ಅಂದರು ಗಡಿಯಾರ, ಮಣಿಕಟ್ಟು ನೋಡಿಕೊಂಡು.

ಬರುವ ಗುರುವಾರ ಹನ್ನೊಂದು ಗಂಟೆಗೆ ಟಿವಿ ತಯಾರಿಸುವ ಕಂಪನಿಯವರು ಬರುತ್ತಿದ್ದಾರೆ. ಮುಂದಿನ ವರ್ಷ ಅವರು ಮಾಡುವ ಪ್ರತಿಯೊಂದು ಟಿವಿಯ ಹೊಟ್ಟೆಯೊಳಗೂ ಒಂದು ಪೆಟ್ಟಿಗೆ ಕೂರುತ್ತದೆ. ನಮ್ಮದೋ, ದೊಡ್ಡವರದೋ, ಅವರು ಆರಿಸುತ್ತಾರೆ. ಅದಕ್ಕಾಗಿ ಮೂರನೇ ಮಹಡಿಯಲ್ಲಿ ಒಂದು ಸುಳ್ಳು ನಡುಮನೆ ಕಟ್ಟಿದ್ದಾರೆ. ಸೋಫಾ ಇದೆ, ಪರದೆ ಇದೆ, ಹಿಂದೆ ಬರೀ ಗೋಡೆಯಿರುವ ಒಂದು ಕಿಟಕಿ ಇದೆ. ಮೇಜಿನ ಮೇಲೆ ಯಾರದೋ ಕುಟುಂಬದ ಫೋಟೋ, ಅಂಗಡಿಯ ಚೀಟಿ ಸಮೇತ.

ನಿನ್ನೆ ಗಡಿಯಾರ ನನ್ನನ್ನು ಕರೆದರು. ‘ಇಪ್ಪತ್ತೈದು ಪ್ರಶ್ನೆ ಪಟ್ಟಿ ಮಾಡಿ, ಯಾವತ್ತೂ ತಪ್ಪದೇ ಇರೋವು. ಅವರು ಪಟ್ಟಿ ಬಿಟ್ಟು ಏನಾದ್ರೂ ಕೇಳಿದ್ರೆ, ಗೋಡೆ ಹಿಂದೆ ಒಬ್ರು ಕೂತಿರ್ತಾರೆ. ಕಿವಿಗೆ ಹಾಕಿಕೊಂಡು ಕೇಳೋದು, ಯಂತ್ರ ತಪ್ಪಿದ್ರೆ ಕೈಯಿಂದ ಟೈಪ್ ಮಾಡೋದು. ಅಷ್ಟೆ.’

‘ಯಾರು ಕೂರೋದು ಸರ್?’

‘ನಿಮ್ಮಷ್ಟು ಚೆನ್ನಾಗಿ ಬೇರೆ ಯಾರಿಗೆ ಕೇಳಿಸುತ್ತೆ?’

‘ಇದು ಮೋಸ ಅಲ್ವಾ ಸರ್?’

ಅವರು ಮೊದಲ ಬಾರಿ ಗಡಿಯಾರ ನೋಡದೆ ನನ್ನನ್ನೇ ನೋಡಿದರು. ‘ಒಂದು ಸಲ ನಿಮ್ಮ ಗೆಳತಿ ಕೈಯಿಂದ ಈ ಕಂಪನಿ ಮುಳುಗೋದರಲ್ಲಿತ್ತು. ಎರಡನೇ ಸಲ ನಿಮ್ಮ ಕೈಯಿಂದ ಆಗೋದು ಬೇಡ. ಮೊದಲು ಒಪ್ಪಂದ ಆಗ್ಲಿ, ಆಮೇಲೆ ಐದು ತಿಂಗಳಲ್ಲಿ ಸರಿಮಾಡ್ಕೊಳ್ಳೋಣ.’

ನಾನು ‘ಆಗಲಿ ಸರ್’ ಅಂದೆ ಕಣೇ. ನಿನ್ನ ಮಾತು ಎತ್ತಿದ ಕೂಡಲೇ ಒಪ್ಪಿಕೊಂಡುಬಿಟ್ಟೆ.

ಗುರುವಾರ ಕಳೆದ ಮೇಲೆ ಬರೆಯುತ್ತೇನೆ.

ನಿನ್ನ
ನಿಧಾನಿ

* * *

ಜೂನ್ ೩೦, ಸೋಮವಾರ

ಪ್ರೀತಿಯ ಅವಸರಿ,

ನಿನ್ನ ಉತ್ತರಕ್ಕೆ ಕಾಯದೆ ಮತ್ತೆ ಬರೆಯುತ್ತಿದ್ದೇನೆ. ಹೋದ ಸಲ ನಾಲ್ಕು ತಿಂಗಳು ಕಾಯಿಸಿದವಳು ಈ ಸಲ ಹದಿನೆಂಟೇ ದಿನಕ್ಕೆ ವಕ್ಕರಿಸಿದಳಲ್ಲ ಅಂತ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಆಗಿದ್ದೆಲ್ಲ ನನ್ನ ಕೆಲಸಕ್ಕೆ.

ಆ ಗುರುವಾರ ಹತ್ತೂವರೆಗೇ ಗೋಡೆಯ ಹಿಂದೆ ಹೋಗಿ ಕೂತೆ. ಗೂಡಿನಂಥ ಜಾಗ, ಬಾಗಿಲ ಬದಲು ಒಂದು ಪರದೆ, ಮೊಣಕೈ ಚಾಚಿದರೆ ಎರಡೂ ಕಡೆ ಹಲಗೆ ತಾಗುತ್ತದೆ. ಕಿವಿಗೆ ಹೆಡ್‌ಫೋನು, ಮುಂದೆ ಎರಡು ತೆರೆ. ಒಂದರಲ್ಲಿ ನಡುಮನೆ, ಇನ್ನೊಂದರಲ್ಲಿ ಪೆಟ್ಟಿಗೆಗೆ ಏನು ಕೇಳಿಸಿತು ಅನ್ನುವ ಅಕ್ಷರಗಳು. ತಪ್ಪಿದ್ದರೆ, ಕೇಳುವವರ ಮಾತು ಮುಗಿದ ಎರಡು ಸೆಕೆಂಡಿನೊಳಗೆ ಸರಿಪಡಿಸಿ ಗುಂಡಿ ಒತ್ತಬೇಕು. ಧ್ವನಿ ವಿಭಾಗದ ನಮ್ಮ ಮೈಕಣ್ಣ ಬಂದು ವೈರುಗಳನ್ನೆಲ್ಲ ಮುಟ್ಟಿ ನೋಡಿ, ‘ಕೈ ನಡುಗಿಸಬೇಡಿ ಮೇಡಂ, ಏಳು ಜನರ ಅನ್ನ ನಿಮ್ಮ ಬೆರಳ ತುದೀಲಿದೆ’ ಅಂದು ನಕ್ಕರು. ನಗು ಕಣ್ಣಿನವರೆಗೆ ಬರಲಿಲ್ಲ.

ಟಿವಿ ಕಂಪನಿಯಿಂದ ಮೂವರು ಬಂದರು. ಇಬ್ಬರು ಗಂಡಸರು, ಜೊತೆಗೆ ಅವರ ಖರೀದಿ ಮುಖ್ಯಸ್ಥೆ. ಐವತ್ತೈದರ ಆಸುಪಾಸಿನ ಹೆಂಗಸು, ಗಿಡ್ಡ ಕೂದಲು, ದೊಡ್ಡ ಚೀಲ. ಮೊದಲು ಗಡಿಯಾರ ಪಟ್ಟಿಯಿಂದ ಏಳೆಂಟು ಕೇಳಿದರು. ಪೆಟ್ಟಿಗೆ ಒಂದನ್ನೂ ತಪ್ಪಲಿಲ್ಲ, ನಾನು ಬೆರಳೂ ಆಡಿಸಲಿಲ್ಲ. ಆ ಇಬ್ಬರು ಗಂಡಸರು ತಲೆದೂಗಿದರು. ಆಗ ಆಕೆ ಕೈಯೆತ್ತಿ, ‘ನಾ... ನಾನು ಕೇಳ್ಲಾ?’ ಅಂದರು.

ಅವರಿಗೆ ಉಗ್ಗು ಇತ್ತು.

ಗಡಿಯಾರದ ಮುಖ ಬಿಳಿಚಿಕೊಂಡದ್ದು ತೆರೆಯ ಮೇಲೂ ಕಾಣಿಸಿತು. ಅರ್ಧ ಸೆಕೆಂಡಿಗಿಂತ ಹೆಚ್ಚು ಕಾಯದ ಯಂತ್ರದ ಮುಂದೆ, ಒಂದು ಅಕ್ಷರಕ್ಕೇ ಒಂದು ಸೆಕೆಂಡ್ ತೆಗೆದುಕೊಳ್ಳುವವರೊಬ್ಬರು ಬಂದು ಕೂತಿದ್ದರು.

‘ಸ... ಸ... ಸಮುದ್ರದ ಅಡಿ ಇರೋ ಮೀ... ಮೀನುಗಳನ್ನ ತೋರಿಸು.’

ಪೆಟ್ಟಿಗೆಗೆ ಕೇಳಿಸಿದ್ದು ಬರೀ ‘ಸ’. ಅಷ್ಟಕ್ಕೇ ಬಾಗಿಲು ಹಾಕಿಕೊಂಡಿತು. ಆದರೆ ನನ್ನ ಬೆರಳುಗಳು ಆಗಲೇ ಓಡುತ್ತಿದ್ದವು. ತಡಮಾಡದೆ ಪೂರ್ತಿ ವಾಕ್ಯ ಹೊಡೆದು ಗುಂಡಿ ಒತ್ತಿದೆ. ಇಡೀ ತೆರೆ ನೀಲಿಯಾಯಿತು. ಹಳದಿ ಮೀನುಗಳು ಹಿಂಡುಹಿಂಡಾಗಿ ಬಂದವು.

ಆಕೆ ಸೋಫಾದ ತುದಿಗೆ ಸರಿದು, ಇನ್ನೊಂದು ಕೇಳಿದರು. ತಮ್ಮ ಚಿಕ್ಕಂದಿನಲ್ಲಿ ಕೇಳಿದ ಯಾವುದೋ ಕೊಳಲಿನ ವಾದನ. ಈ ಸಲ ಇನ್ನೂ ಹೆಚ್ಚು ತಡವರಿಸಿದರು, ನಾನು ಇನ್ನೂ ಬೇಗ ಒತ್ತಿದೆ. ಕೊಳಲು ಬಂತು. ಆಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

‘ನೀ... ನೀವು ಏನು ಮಾಡಿದ್ದೀರ ಅಂತ ನಿಮಗೇ ಗೊತ್ತಿಲ್ಲ’ ಅಂತ ಗಡಿಯಾರಕ್ಕೆ ಹೇಳಿದರು. ‘ಇವತ್ತಿನವರೆಗೆ ಒಂದು ಯಂತ್ರಾನೂ ನನ್ನ ಮಾತು ಮು... ಮುಗಿಯೋವರೆಗೆ ಕಾದಿಲ್ಲ. ಮನುಷ್ಯರೇ ಕಾಯಲ್ಲ. ನನ್ನ ತಮ್ಮನಿಗೂ ಹೀಗೇನೆ. ಅವನು ಫೋ... ಫೋನೇ ಎತ್ತಲ್ಲ, ಮಾತಾಡಬೇಕಲ್ಲ ಅಂತ. ಮೊದಲನೇ ಟಿವಿ ಅವನ ಮನೆಗೇ ಕಳಿಸ್ತೀನಿ.’

ಗಡಿಯಾರ ಕೈಮುಗಿದು ನಕ್ಕರು. ‘ಅದಕ್ಕೋಸ್ಕರಾನೇ ಮೇಡಂ ನಾವು ಇಷ್ಟು ಕಷ್ಟಪಟ್ಟಿದ್ದು.’

ಆ ತಮ್ಮ ನನ್ನ ಕಣ್ಣ ಮುಂದೆ ಬಂದ, ಅವಸರಿ. ಅಕ್ಕ ಕಳಿಸಿದ ಟಿವಿಯ ಮುಂದೆ ಕೂತು, ಇದಾದರೂ ನನ್ನ ಮಾತು ಕೇಳುತ್ತದೆ ಅಂತ ಬಾಯಿ ತೆರೆದವನು. ಮೊದಲ ಅಕ್ಷರಕ್ಕೇ ಅದು ಅವನ ಮಾತು ಕತ್ತರಿಸುತ್ತದೆ. ಆ ಮನೆಯ ಗೋಡೆಯ ಹಿಂದೆ ನಾನು ಕೂತಿರುವುದಿಲ್ಲ.

ಯಾವಾಗ ಎದ್ದೆನೋ ಗೊತ್ತಿಲ್ಲ. ಹೆಡ್‌ಫೋನಿನ ವೈರು ಕುರ್ಚಿಗೆ ಸಿಕ್ಕಿಕೊಂಡು ಕುರ್ಚಿಯೇ ಬಿತ್ತು. ಆ ಸದ್ದಿಗೆ ಎಲ್ಲರೂ ತಿರುಗಿದರು. ಪರದೆ ಸರಿಸಿ ನಾನು ಆ ಸುಳ್ಳು ನಡುಮನೆಗೆ ಬಂದು ನಿಂತಿದ್ದೆ.

‘ಮೇಡಂ, ಅದು ಯಂತ್ರ ಕೇಳಿಸಿಕೊಂಡಿದ್ದಲ್ಲ. ನಾನು ಕೇಳಿಸಿಕೊಂಡಿದ್ದು.’

‘ಇವರು ನಮ್ಮ ಪರೀಕ್ಷಾ ವಿಭಾಗದವರು’ ಅಂತ ಗಡಿಯಾರ ಎದ್ದರು. ‘ಎರಡು ದಿನದಿಂದ ಹುಷಾರಿಲ್ಲ ಪಾಪ...’

‘ಹುಷಾರಾಗೇ ಇದ್ದೀನಿ ಸರ್. ಮೇಡಂ, ಗೋಡೆ ಹಿಂದೆ ಕೂತು ಟೈಪ್ ಮಾಡ್ತಿದ್ದೆ.’

ಆಕೆ ನನ್ನನ್ನೂ ತೆರೆಯನ್ನೂ ನೋಡಿದರು. ಕೊಳಲು ಇನ್ನೂ ಕೇಳುತ್ತಲೇ ಇತ್ತು.

‘ಎ... ಎರಡೂ?’

‘ಎರಡೂ.’

‘ನಿಜವಾಗಿ ಎಷ್ಟು ಹೊತ್ತು ಕಾಯುತ್ತೆ ಇದು?’

‘ಅರ್ಧ ಸೆಕೆಂಡ್. ಒಂದೂವರೆ ಸೆಕೆಂಡ್ ಕಾಯೋ ಹಾಗೆ ಮಾಡಬಹುದು. ಆಗ ನಿಧಾನ ಆಗುತ್ತೆ, ದೊಡ್ಡವರಿಗಿಂತ ಹಿಂದೆ ಬೀಳ್ತೀವಿ ಅಂತ ಮಾಡಿಲ್ಲ.’

ಆಕೆ ಚೀಲ ಎತ್ತಿಕೊಂಡು ಎದ್ದರು. ನನಗೊಂದು ಒಳ್ಳೆಯ ಮಾತು ಸಿಗುತ್ತದೆ ಅಂತ ಮನಸ್ಸಿನ ಯಾವ ಮೂಲೆಯಲ್ಲೋ ಕಾದಿದ್ದೆ, ಸುಳ್ಳು ಯಾಕೆ ಹೇಳಲಿ. ಬಾಗಿಲ ಹತ್ತಿರ ನಿಂತು ಆಕೆ ಹೇಳಿದ್ದು ಇಷ್ಟೆ: ‘ಮೊದಲನೇ ಸಲಾನೇ ನೀವು ಎ... ಎದ್ದು ಬರಬಹುದಿತ್ತು.’

ನಾಲ್ಕನೆಯ ದಿನ ಸುದ್ದಿ ಬಂತು. ಅವರು ದೊಡ್ಡವರ ಪೆಟ್ಟಿಗೆಯನ್ನೇ ಆರಿಸಿಕೊಂಡರು. ಅದೂ ಆಕೆಯ ಮಾತು ಕೇಳಿಸಿಕೊಳ್ಳುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಪೆಟ್ಟಿಗೆಯ ವಿಭಾಗ ಮುಚ್ಚಿದರು. ಏಳು ಜನ ಕೆಲಸ ಕಳೆದುಕೊಂಡು ಮನೆಗೆ ಹೋದರು. ವಿಚಾರಣೆ ಮುಗಿಯುವವರೆಗೆ ಬರಬೇಡಿ ಅಂತ ನನಗೊಂದು ಪತ್ರ ಕೊಟ್ಟಿದ್ದಾರೆ.

ಮೈಕಣ್ಣ ತಮ್ಮ ಡ್ರಾಯರು ಖಾಲಿ ಮಾಡುತ್ತಿದ್ದಾಗ ಹೋಗಿ ನಿಂತೆ. ತಲೆ ಎತ್ತಲಿಲ್ಲ. ‘ನೀವು ಮಾಡಿದ್ದು ಸರೀನೇ ಮೇಡಂ. ಆದ್ರೆ ನಂಗೆ ಹೇಳಿ ಮಾಡಬೇಕಿತ್ತು. ಒಂದು ವಾರ ಮುಂಚೆ ಬೇಡ ಅಂದಿದ್ರೆ ನಾವೂ ನಿಮ್ಮ ಜೊತೆ ನಿಲ್ತಿದ್ವೋ ಏನೋ. ನೀವು ಒಬ್ರೇ ಸಾಚಾ ಆಗಿಬಿಟ್ರಿ’ ಅಂದರು. ನಾಲ್ಕು ತಂತಿ ಸುತ್ತಿ ಜೇಬಿಗೆ ಹಾಕಿಕೊಂಡು ಹೊರಟರು. ಹನ್ನೆರಡು ವರ್ಷ ಪಕ್ಕದ ಮೇಜಿನವರು.

ಮನೆಯಲ್ಲಿ ವಿಷಯ ತಿಳಿದಾಗ ನಮ್ಮವರು ಸ್ವಲ್ಪ ಹೊತ್ತು ಮಂಡಿ ನೀವಿಕೊಂಡು, ‘ಶಹಭಾಸ್ ಅನ್ನಬೇಕಾ, ಏನು ಮಾಡಿಕೊಂಡೆ ಅನ್ನಬೇಕಾ ಗೊತ್ತಾಗ್ತಿಲ್ಲ. ಸದ್ಯಕ್ಕೆ ಚಹಾ ಮಾಡ್ತೀನಿ’ ಅಂದರು. ಮಗಳು ಬಂದು ಪಕ್ಕದಲ್ಲಿ ಕೂತಳು. ಸಿಟ್ಟಿಲ್ಲದೆ ಕೂತಳು.

ಹೀಗಿದೆ ನೋಡು ನನ್ನ ಸಂಸಾರ. ನಿನ್ನ ಮಗಳ ಪರೀಕ್ಷೆ ಹತ್ತಿರ ಬಂತಲ್ಲ, ಹೆದರದೆ ಬರೆಯಲಿ, ಚೆನ್ನಾಗಿ ಆಗಲಿ. ಚಿಕ್ಕಮ್ಮ ತಲೆ ಸವರಿದಳು ಅಂತ ಹೇಳು. ನೀನು ಪಾಠ ಮಾಡುವ ಶಾಲೆ, ನಿನ್ನ ಮನೆ ಎಲ್ಲ ತಣ್ಣಗಿರಲಿ. ಬೆನ್ನು ನೋವಿಗೆ ಮಾತ್ರೆ ನುಂಗಿ ಸುಮ್ಮನಾಗಬೇಡ, ಡಾಕ್ಟರಿಗೆ ತೋರಿಸು.

ನಿನ್ನ
ನಿಧಾನಿ

ಮಡಚಿದ ಕಾಗದ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಆ ತಮ್ಮನನ್ನು ನೆನೆದು ಎದ್ದೆ ಅಂದೆನಲ್ಲ, ಅದು ನಿಜ. ಆದರೆ ಅರ್ಧ ನಿಜ. ಆರು ವರ್ಷದ ಹಿಂದೆ ನಮ್ಮ ಹುಡುಕಾಟ ಹದಿನಾಲ್ಕು ಗಂಟೆ ನಿಂತುಹೋಗಿ, ಜನ ನಮ್ಮನ್ನು ಬಿಟ್ಟು ಹೋದರಲ್ಲ, ಅದಕ್ಕೆ ಕಾರಣ ನೀನಲ್ಲ. ನೀನು ಬರೆದ ಪ್ರೋಗ್ರಾಮನ್ನು ನಾನು ಪರೀಕ್ಷಿಸಬೇಕಿತ್ತು. ಅಂದು ಶುಕ್ರವಾರ, ಬಾಡಿಗೆಗೊಂದು ಮನೆ ನೋಡಲು ಬೇಗ ಹೊರಡುವ ಆತುರ. ಓದದೆಯೇ ‘ಪರೀಕ್ಷಿಸಲಾಗಿದೆ’ ಅಂತ ಗುರುತು ಹಾಕಿದೆ. ವಿಚಾರಣೆಯಲ್ಲಿ ಕೇಳಿದಾಗ, ‘ನಾನು ನೋಡಿದಾಗ ಸರಿಯಿತ್ತು, ಆಮೇಲೆ ಅವಳು ಏನಾದರೂ ಬದಲಾಯಿಸಿರಬಹುದು’ ಅಂದೆ. ನೀನು ಅದನ್ನು ನಂಬಿಬಿಟ್ಟೆ. ‘ಆಮೇಲೆ ಯಾವ ಸಾಲು ಮುಟ್ಟಿದೆ ಅಂತ ಈಗಲೂ ಯೋಚಿಸ್ತೀನಿ ಕಣೇ’ ಅಂತ ನಿನ್ನ ಹೋದ ಕಾಗದದಲ್ಲೂ ನೀನು ಬರೆದಿದ್ದೆ. ಅದನ್ನು ಓದಿದ ಮೇಲೆಯೇ ನಾಲ್ಕು ತಿಂಗಳು ನನ್ನ ಪೆನ್ನು ಓಡಲಿಲ್ಲ. ನೀನು ಯಾವ ಸಾಲನ್ನೂ ಮುಟ್ಟಿರಲಿಲ್ಲ. ಇದನ್ನೇ ಇಂದು ಬೆಳಿಗ್ಗೆ ಕಂಪನಿಗೂ ಬರೆದು, ಸಹಿ ಹಾಕಿ ಕೊಟ್ಟು ಬಂದೆ. ಉತ್ತರ ಬರೆಯಲೇಬೇಕು ಅಂತ ನಾನು ಕೇಳುವ ಹಾಗಿಲ್ಲ.

ಅಂದು ನಿನ್ನನ್ನು ತೆಗೆದುಹಾಕಿದ ಪತ್ರ ಹಿಡಿದುಕೊಂಡು ನೀನು ವಿಚಾರಣೆಯ ಕೋಣೆಯಿಂದ ಹೊರಗೆ ಬಂದೆ. ನಾನು ಮೆಟ್ಟಿಲ ಹತ್ತಿರ ನಿಂತಿದ್ದೆ. ನೀನು ನನ್ನ ಮುಖ ನೋಡಿ, ‘ಯಾಕೆ ಹೀಗಿದ್ದೀಯ, ಊಟ ಮಾಡಿದ್ಯೇನೇ?’ ಅಂತ ಕೇಳಿದೆ. ನಾನು ‘ಹೂಂ, ಆಯ್ತು’ ಅಂದೆ. ಅದೂ ಸುಳ್ಳು.