ಬಾನೆಟ್ ಎತ್ತದ ಗಿರಾಕಿ

ಹುಣಸೂರು, ೧೪ ನವೆಂಬರ್ ೧೯೪೪, ಮಂಗಳವಾರ

ವ್ಯಾನು ಮಾರುವುದೋ, ರಿಪೇರಿ ಮಾಡಿಸುವುದೋ? ಇವತ್ತೂ ತೀರ್ಮಾನವಾಗಲಿಲ್ಲ.

ಇಂಜಿನ್ನಿನ ಕಟಕಟ ಸದ್ದು ಕೇಳಿಸಬಾರದೆಂದು ಬೆಳಿಗ್ಗೆಯೇ ಮಂದವಾದ ಎಣ್ಣೆ ಹೊಯ್ದು ಬಿಸಿ ಮಾಡಿಟ್ಟಿದ್ದೆ. ನೋಡಲು ಬಂದ ಹಾರನಹಳ್ಳಿಯ ಚಲುವೇಗೌಡರು ಬಾನೆಟ್ ಎತ್ತಲೇ ಇಲ್ಲ! ಕುಕ್ಕರುಗಾಲಲ್ಲಿ ಕೂತು ಟೈರುಗಳನ್ನು ಒಂದೊಂದಾಗಿ ತಟ್ಟಿದರು. ಯುದ್ಧ ಶುರುವಾದ ಮೇಲೆ ಟೈರು ಎಲ್ಲಿ ಸಿಗುತ್ತದೆ?

"ಗಾಲಿ, ಅಚ್ಚು ಸಾಕು ಕಣ್ರೀ. ಎತ್ತಿನ ಗಾಡಿಗೆ ಆಕುಸ್ತೀನಿ. ಇಂಜಿನ್ನು ನೀವೇ ಮಡಿಕ್ಕಳಿ" ಅಂದರು.

ಇವರದೇ ಗಾಡಿಯನ್ನು ಎಷ್ಟು ಸಲ ಹಾರನ್ ಹೊಡೆದು ರಸ್ತೆಯಿಂದ ಕೆಳಗಿಳಿಸಿದ್ದೇನೆ! ಮೈಯೆಲ್ಲ ಉರಿಯಿತು. ಶುಕ್ರವಾರ ಹೇಳುತ್ತೇನೆಂದು ಕಳಿಸಿದೆ.

ಮೈಸೂರಿನ ಮೇಸ್ತ್ರಿ ಇಂಜಿನ್ ಪೂರ್ತಿ ಬಿಚ್ಚಬೇಕೆನ್ನುತ್ತಾನೆ. ಬಿಚ್ಚಿದ ಮೇಲೆ ಬೇಕಾದ ಸಾಮಾನು ಯಾವಾಗ ಬರುತ್ತದೋ ಅವನಿಗೂ ಗೊತ್ತಿಲ್ಲ. ಆದರೂ ಮಾರುವುದೇ ಬೇಡವೆಂದುಕೊಂಡು ಊಟಕ್ಕೆ ಕೂತೆ.

"ನನ್ನ ವ್ಯಾನ್ನ ಎತ್ತು ಎಳೀಬೇಕಾ?" ಎಂದು ಹೆಂಡತಿ ಸಾಕಮ್ಮನನ್ನು ಕೇಳಿದೆ.

ಮುದ್ದೆ ಬಡಿಸುತ್ತಿದ್ದವಳು ತಲೆಯನ್ನೂ ಎತ್ತದೆ, "ಎತ್ತಾದ್ರೂ ಎಳೀಲಿ ಬುಡಿ. ವೋದ ವಾರ ಬಿಳಿಕೆರೆ ತಾವ ಅದನ್ನ ತಳ್ಳಿದ್ದು ನಾನು ತಾನೆ?" ಅಂದಳು.

ಮಲಗಿದರೆ ನಿದ್ದೆ ಹತ್ತಲಿಲ್ಲ, ಎದ್ದು ಇದನ್ನು ಬರೆಯುತ್ತಿದ್ದೇನೆ. ಗೌಡರಿಗೆ ಏನು ಹೇಳಲಿ? ಬಿಳಿಕೆರೆಯ ಹತ್ತಿರ ವ್ಯಾನು ನಿಂತುಹೋದಾಗ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಏದುಸಿರು ಬಿಡುತ್ತ ಹಿಂದಿನಿಂದ ತಳ್ಳುತ್ತಿದ್ದಳು. ನಾನು ಒಳಗೆ ಕೂತು, ಎದುರಿಗೆ ಬಂದ ಎತ್ತಿನ ಗಾಡಿಗಳು ದಾರಿ ಬಿಡಲೆಂದು ಹಾರನ್ ಹೊಡೆಯುತ್ತಿದ್ದೆ.